ಅಂಗಳ ಮುಚ್ಚಿದವರೇ, ಹೂ ಎಲ್ಲಿಂದ ತರುತ್ತೀರಿ?



ಪ್ರತಿ ಸಲ ಸಭೆಯ ವರದಿ, ಕ್ರೀಡಾಕೂಟದ ಫಲಿತಾಂಶ ಬರೆಯುತ್ತಿದ್ದ ನಾನು ಈ ಸಲ ಜಗಳಕ್ಕೇ ಬಂದಿದ್ದೇನೆ. ಜಗಳ ನಿಮ್ಮ ಮನೆಯ ಅಂಗಳದ ಬಗ್ಗೆ. ಓದಿ ಸಿಟ್ಟು ಬಂದರೆ ಭಾನುವಾರ ಪೂಜೆಯ ನಂತರ ಚರ್ಚಿನ ಮೆಟ್ಟಿಲ ಹತ್ತಿರ ಸಿಗುತ್ತೇನೆ, ಅಲ್ಲಿ ಬಯ್ಯಿರಿ. ಆದರೆ ಪೂರ್ತಿ ಓದಿ ಬಯ್ಯಿರಿ.

ಕಳೆದ ವರ್ಷದ ಮೊಂತಿ ಹಬ್ಬದ ನೊವೆನಾ. ನಾಲ್ಕನೇ ದಿನ ಮಕ್ಕಳನ್ನು ಸಾಲಾಗಿ ನಿಲ್ಲಿಸುವ ಕೆಲಸ ನಮ್ಮ ಯುವ ಸಂಘಟನೆಗೆ ಬಂದಿತ್ತು. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲಮರಿಯಮ್ಮನಿಗೆ ಅರ್ಪಿಸುತ್ತಾರೆ, ಸೆಪ್ಟೆಂಬರ್ 8ಕ್ಕೆ ಹಬ್ಬ, ಹೊಸ ತೆನೆ, ಹೊಸ ಅಕ್ಕಿಯ ಊಟ. ಇದು ನಿಮಗೆ ಹೇಳಿಕೊಡಬೇಕಾದ ವಿಷಯ ಅಲ್ಲ. ನಾನು ಸಾಲಿನ ಉದ್ದಕ್ಕೂ ಬುಟ್ಟಿಗಳನ್ನು ನೋಡುತ್ತಾ ಬಂದೆ. ಒಂದರ ನಂತರ ಒಂದು, ಎಲ್ಲದರಲ್ಲೂ ಒಂದೇ ಹೂ. ಪೇಟೆಯ ಸೇವಂತಿಗೆ, ಪೇಟೆಯ ಗೊಂಡೆ. ಕೆಲವು ಬುಟ್ಟಿಯಲ್ಲಿ ಅಂಗಡಿಯ ಪ್ಲಾಸ್ಟಿಕ್ ಚೀಲವನ್ನೂ ಬಿಚ್ಚಿರಲಿಲ್ಲ. ಸಾಲಿನ ಕೊನೆಗೆ ಎರಡನೇ ತರಗತಿಯ ಒಬ್ಬಳು ಪುಟ್ಟ ಹುಡುಗಿ. ಅವಳ ಬುಟ್ಟಿಯಲ್ಲಿ ಹೂವೇ ಇಲ್ಲ. ಹಳದಿ ಕ್ರೋಟನ್ ಎಲೆಯನ್ನು ಸಣ್ಣಗೆ ಹರಿದು ತುಂಬಿಕೊಂಡು ಬಂದಿದ್ದಳು.

"ಹೂ ಎಲ್ಲಿ ಪುಟ್ಟಾ?" ಎಂದು ಕೇಳಿದೆ.

"ನಮ್ಮಲ್ಲಿ ಈಗ ಹೂ ಇಲ್ಲ ಅಣ್ಣ. ಇಂಟರ್‌ಲಾಕ್ ಹಾಕಿದ್ದಾರೆ."

ಅವಳು ಅದನ್ನು ದುಃಖದಿಂದ ಹೇಳಲಿಲ್ಲ. ಮಳೆ ಬಂದಿದೆ, ಶಾಲೆಗೆ ರಜೆ ಎಂದು ಹೇಳುವ ಹಾಗೆ ಹೇಳಿದಳು. ನನಗೆ ಮಾತ್ರ ಮುಖ ಎಲ್ಲಿ ಇಡುವುದೆಂದು ತಿಳಿಯಲಿಲ್ಲ. ಯಾಕೆಂದರೆ ನಮ್ಮ ವಾಳೆಯಲ್ಲಿ ಇಂಟರ್‌ಲಾಕ್ ಹಾಕಿಸಿದ ಮೊದಲ ಮನೆ ನಮ್ಮದು. ಹಾಕಿಸಲೇಬೇಕೆಂದು ಹಟ ಹಿಡಿದವನು ನಾನು.

ತಪ್ಪೊಪ್ಪಿಗೆ

2021ರಲ್ಲಿ ಅಕ್ಕನ ಮದುವೆ ನಿಶ್ಚಯವಾಯಿತು. ಗಲ್ಫಿನಲ್ಲಿರುವ ಅಣ್ಣ ಫೋನಿನಲ್ಲಿ, "ರೋಸ್‌ಗೆ ಅಷ್ಟು ಜನ ಬರುತ್ತಾರೆ, ಆ ಕೆಸರಿನಲ್ಲಿ ಚಪ್ಪರ ಹಾಕುವುದಾ?" ಎಂದ. ಅಪ್ಪನಿಗೆ ಮನಸ್ಸಿರಲಿಲ್ಲ. ಆಗಷ್ಟೇ ಬಿಎಸ್ಸಿ ಮುಗಿಸಿದ್ದ ನಾನು, ಸಸ್ಯಶಾಸ್ತ್ರ, ರಸಾಯನಶಾಸ್ತ್ರ ಎರಡೂ ಓದಿದ್ದ ದೊಡ್ಡ ವಿಜ್ಞಾನಿ, ಅಪ್ಪನಿಗೆ ಬುದ್ಧಿ ಹೇಳಿದೆ: "ಒಂದು ಸಲ ಹಾಕಿದರೆ ಮುಗಿಯಿತು ಅಪ್ಪ, ಮತ್ತೆ ಏನೂ ಕೆಲಸ ಇಲ್ಲ."

ಅಂಗಳದಲ್ಲಿ ಆಗ ಏನಿತ್ತು ಗೊತ್ತೇ? ಗೇಟಿನ ಬದಿಗೆ ಎರಡು ದಾಸವಾಳ, ಒಂದು ಬಿಳಿ, ಒಂದು ಕೆಂಪು. ಬಾವಿಕಟ್ಟೆಯ ಹತ್ತಿರ ಮಲ್ಲಿಗೆ. ಮೆಟ್ಟಿಲ ಬದಿಯಲ್ಲಿ ಅಬ್ಬಲಿಗೆ, ಮಳೆಗಾಲದಲ್ಲಿ ತಾನಾಗಿ ಏಳುವ ಕರ್ಣಕುಂಡಲ. ಬಚ್ಚಲು ನೀರು ಹೋಗುವಲ್ಲಿ ಬಸಳೆ ಚಪ್ಪರ, ಅದರಾಚೆ ಕೆಸು, ಬಾಳೆ. ತುಳು ಮಾತಾಡುವ ನೆರೆಯವರು "ಪೊರ್ಬುಗಳ ಮನೆ" ಎಂದು ದೂರದಿಂದಲೇ ಗುರುತು ಹಿಡಿಯುತ್ತಿದ್ದದ್ದು ಶಿಲುಬೆಯಿಂದ ಅಲ್ಲ, ಮನೆಯೆದುರಿನ ಹೂವಿನ ಸಾಲಿನಿಂದ.

ಎರಡು ದಿನದಲ್ಲಿ ಜೆಸಿಬಿ ಎಲ್ಲ ಸಾಪಾಟು ಮಾಡಿತು. ಜಲ್ಲಿಹುಡಿ ಸುರಿದರು, ಯಂತ್ರದಿಂದ ಗುದ್ದಿದರು, ಮೇಲೆ ಕೆಂಪು–ಬೂದು ಬಣ್ಣದ ಕಲ್ಲು ಜೋಡಿಸಿದರು. ಅಮ್ಮ ಏನೂ ಹೇಳಲಿಲ್ಲ. ಅಜ್ಜಿ ಮಾತ್ರ ಸಿಟೌಟಿನಲ್ಲಿ ಕೂತು ಒಂದೇ ಪ್ರಶ್ನೆ ಕೇಳಿದರು: "ಮಳೆ ಬಂದರೆ ನೀರು ಎಲ್ಲಿ ಕೂರಬೇಕು ಮಗಾ?"

ನಾವೆಲ್ಲ ನಕ್ಕೆವು. ಮದುವೆ ಚೆನ್ನಾಗಿ ಆಯಿತು. ಫೋಟೋ ಚೆನ್ನಾಗಿ ಬಂತು. ಮುಂದಿನ ವರ್ಷ ಏಪ್ರಿಲಿನಲ್ಲಿ ನಮ್ಮ ಬಾವಿಯ ತಳ ಕಂಡಿತು.

ಇಂಟರ್‌ಲಾಕ್ ಒಂದರಿಂದಲೇ ಬಾವಿ ಬತ್ತಿತು ಎಂದು ನಾನು ಹೇಳುವುದಿಲ್ಲ. ಸುತ್ತ ಕೊಳವೆಬಾವಿಗಳು ಬಂದಿವೆ, ಮೇಲಿನ ಗುಡ್ಡವನ್ನು ಕಡಿದು ಸೈಟ್ ಮಾಡಿದ್ದಾರೆ. ಆದರೆ ಅಜ್ಜಿಯ ಪ್ರಶ್ನೆಗೆ ಉತ್ತರ ಕೊಡಲು ಕೂತಾಗ ಲೆಕ್ಕ ನನ್ನ ವಿರುದ್ಧವೇ ಬಂತು.

ಒಂದು ಸೆಂಟ್‌ನ ಲೆಕ್ಕ

ನೀವೂ ಮಾಡಿ ನೋಡಿ, ಏಳನೇ ತರಗತಿಯ ಗಣಿತ ಸಾಕು. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಒಂದು ಸೆಂಟ್ ಎಂದರೆ ಸುಮಾರು 40 ಚದರ ಮೀಟರ್. ಗುಣಿಸಿ: ಒಂದು ಸೆಂಟ್ ಅಂಗಳದ ಮೇಲೆ ವರ್ಷಕ್ಕೆ 1 ಲಕ್ಷ 40 ಸಾವಿರ ಲೀಟರ್. ನಾವು ಮುಚ್ಚಿದ್ದು ಮೂರು ಸೆಂಟ್. ಅಂದರೆ 4 ಲಕ್ಷ 20 ಸಾವಿರ ಲೀಟರ್. ಬೇಸಿಗೆಯಲ್ಲಿ ದುಡ್ಡು ಕೊಟ್ಟು ತರಿಸುವ 5,000 ಲೀಟರಿನ ಟ್ಯಾಂಕರ್ ಇದೆಯಲ್ಲ, ಅಂಥದ್ದು 84!

ಮಣ್ಣಿನ ಅಂಗಳವಿದ್ದರೆ ಇಷ್ಟೂ ನೀರು ಬಾವಿಗೆ ಇಳಿಯುತ್ತಿತ್ತೇ? ಇಲ್ಲ. ಇಳಿಜಾರಿನಲ್ಲಿ ಹರಿದುಹೋಗುವುದು, ಆವಿಯಾಗುವುದು ಎಲ್ಲ ಇದೆ. ತುಳಿದು ತುಳಿದು ಗಟ್ಟಿಯಾದ ಮಣ್ಣೂ ಸಾಕಷ್ಟು ನೀರನ್ನು ಹೊರಗೇ ಬಿಡುತ್ತದೆ. ಆದರೆ ಗಿಡದ ಬುಡದ, ತರಗೆಲೆ ಮುಚ್ಚಿದ ಮಣ್ಣು ಕುಡಿಯುತ್ತದೆ. ಪರೀಕ್ಷೆ ಮಾಡಲು ಲ್ಯಾಬ್ ಬೇಡ. ಒಂದು ಕೊಡ ನೀರನ್ನು ಇಂಟರ್‌ಲಾಕ್ ಮೇಲೆ ಚೆಲ್ಲಿ, ಇನ್ನೊಂದು ಕೊಡವನ್ನು ಬಾಳೆಬುಡದ ತರಗೆಲೆಯ ಮೇಲೆ ಚೆಲ್ಲಿ. ಒಂದು ಕೊಡ ಗೇಟು ದಾಟಿ ರಸ್ತೆಗೆ ಹೋಗುತ್ತದೆ, ಇನ್ನೊಂದು ಎಲ್ಲಿ ಹೋಯಿತೆಂದೇ ಕಾಣುವುದಿಲ್ಲ. ಕಾಣದ ಆ ನೀರೇ ಬಾವಿಗೆ ಬೇಕಾದದ್ದು.

ನಮ್ಮ ಹಿರಿಯರು ಈ ಲೆಕ್ಕವನ್ನು ಕಾಗದದಲ್ಲಿ ಮಾಡಲಿಲ್ಲ, ಆದರೆ ಮುರಕಲ್ಲಿನ ಗುಡ್ಡ ನೀರನ್ನು ಹಿಡಿದಿಡುತ್ತದೆ ಎಂದು ಅವರಿಗೆ ಗೊತ್ತಿತ್ತು. ಇಲ್ಲದಿದ್ದರೆ ಎಣ್ಮಕಜೆ, ಪೈವಳಿಕೆ, ಬಾಯಾರು ಕಡೆ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು, ಒಳಗಿಂದ ಒಸರುವ ನೀರಿನಲ್ಲಿ ಅಡಿಕೆ ತೋಟ ಮಾಡುತ್ತಿದ್ದರೇ? ಒಬ್ಬನೇ ಮನುಷ್ಯ ಬಗ್ಗಿ ಕೂತು, ಎಣ್ಣೆದೀಪದ ಬೆಳಕಿನಲ್ಲಿ ಪಿಕ್ಕಾಸಿನಿಂದ ಇಂಚಿಂಚು ಕೊರೆದ ಸುರಂಗಗಳು ಅವು. ಅದೇ ಎಣ್ಮಕಜೆಯ ಪತ್ರಕರ್ತ ಶ್ರೀಪಡ್ರೆಯವರು ಮಳೆನೀರಿನ ಬಗ್ಗೆ ಎಷ್ಟೋ ವರ್ಷಗಳಿಂದ ಬರೆಯುತ್ತಲೇ ಇದ್ದಾರೆ, ಅದೂ ಕನ್ನಡದಲ್ಲಿ. ಕೇರಳದ 44 ನದಿಗಳಲ್ಲಿ 12 ನಮ್ಮ ಜಿಲ್ಲೆಯವು ಎಂದು ಪಿಎಸ್‌ಸಿ ಪರೀಕ್ಷೆಗೆ ಬಾಯಿಪಾಠ ಮಾಡುವ ನಾವು, ಮನೆಯೆದುರಿನ ನೀರನ್ನು ಕಲ್ಲು ಜೋಡಿಸಿ ರಸ್ತೆಗೆ ಓಡಿಸುತ್ತೇವೆ. ಮತ್ತೆ ಏಪ್ರಿಲಿನಲ್ಲಿ ಟ್ಯಾಂಕರಿಗೆ ಫೋನ್ ಮಾಡುತ್ತೇವೆ.

ನಿಮ್ಮ ವಾದಗಳು ನನಗೆ ಗೊತ್ತು

ಯಾಕೆಂದರೆ ಅವೆಲ್ಲ ನಾನೇ ಮಾಡಿದ ವಾದಗಳು.

"ಮಳೆಗಾಲದಲ್ಲಿ ಕೆಸರು, ಪ್ರಾಯದವರು ಜಾರಿ ಬೀಳುತ್ತಾರೆ." ಸರಿ. ಹಾಗಾದರೆ ನಡೆಯುವ ದಾರಿಗೆ ಕಲ್ಲು ಹಾಕಿ. ಗೇಟಿನಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಬಾವಿಗೆ. ಅಜ್ಜಿ ಗೋಡೆಬದಿಯ ಮೂಲೆಮೂಲೆಗೆ ನಡೆದುಕೊಂಡು ಹೋಗುವುದಿಲ್ಲ. ಅಂದ ಹಾಗೆ, ಪಾಚಿ ಹಿಡಿದ ಇಂಟರ್‌ಲಾಕ್ ಮೇಲೆ ಜಾರಿ ಕೈ ಮುರಿದುಕೊಂಡವರು ನಮ್ಮ ವಾಳೆಯಲ್ಲೇ ಇದ್ದಾರೆ.

"ಕಾರು ನಿಲ್ಲಬೇಡವೇ?" ನಿಲ್ಲಲಿ. ಕಾರಿಗೆ ಬೇಕಾದದ್ದು ಚಕ್ರ ಹೋಗುವ ಎರಡು ಪಟ್ಟಿ. ಕಾರಿನ ಹೊಟ್ಟೆಗೆ ಇಂಟರ್‌ಲಾಕ್ ಯಾಕೆ?

"ಅಡಿಕೆ ಒಣಗಿಸಬೇಕು." ಅಡಿಕೆ ಇದ್ದವರಿಗೆ ಇದು ನಿಜವಾದ ಅಗತ್ಯ, ಒಪ್ಪಿದೆ. ಆದರೆ ಐದು ಸೆಂಟಿನ ಮನೆ ಕಟ್ಟಿ, ಅಡಿಕೆಯನ್ನು ಅಂಗಡಿಯಲ್ಲಿ ಮಾತ್ರ ಕಂಡವರೂ ಇದೇ ಕಾರಣ ಹೇಳಿದರೆ ಹೇಗೆ?

"ಗಿಡ ಇದ್ದರೆ ಹಾವು ಬರುತ್ತದೆ." ಹಾವು ಬರುವುದು ಇಲಿಗೆ. ಇಲಿ ಬರುವುದು ಹಿತ್ತಿಲಿನಲ್ಲಿ ರಾಶಿ ಹಾಕಿದ ಹಳೆ ಹಂಚು, ಸೋಗೆ, ಅನ್ನದ ಕಸಕ್ಕೆ. ಮೊದಲು ಅದನ್ನು ತೆಗೆಯಿರಿ. ಬಾಗಿಲ ಹತ್ತಿರ ಪೊದೆಯಾಗುವ ಗಿಡ ಬೇಡ, ತಗ್ಗಿನ ಅಬ್ಬಲಿಗೆ ಸಾಕು.

ಇನ್ನು ಕೊನೆಯ ವಾದ. ಇದಕ್ಕೆ ನನ್ನಲ್ಲಿ ಸುಲಭದ ಉತ್ತರ ಇಲ್ಲ. ನಾನು ಅಂಗಳ ಬಿಡಿಸುವ ಮಾತೆತ್ತಿದಾಗ ಅಮ್ಮ ಹೇಳಿದ್ದು ಇದು: "ಮಣ್ಣಿನ ಅಂಗಳ ಚೆಂದ ಎಂದು ನೀವೆಲ್ಲ ಹೇಳುತ್ತೀರಿ. ಮೂವತ್ತು ವರ್ಷ ಬೆಳಿಗ್ಗೆ ಐದೂವರೆಗೆ ಎದ್ದು ಗುಡಿಸಿದ್ದು ಯಾರು? ಮಳೆ ಬಿಟ್ಟ ಮೇಲೆ ಅಂಗಳ ಕೆತ್ತಿ, ಸೆಗಣಿ ಸಾರಿಸಿದ್ದು ಯಾರು? ನನ್ನ ಸೊಂಟ ಕೇಳು."

ನಾನು ಬಾಯಿ ಮುಚ್ಚಿದೆ. ಅಮ್ಮ ಹೇಳಿದ್ದು ನೂರಕ್ಕೆ ನೂರು ಸತ್ಯ. ನಾವು "ಹಿಂದಿನ ಕಾಲದ ಅಂಗಳ" ಎಂದು ನೆನಪಿನಲ್ಲಿ ತೇಲುವ ಆ ಅಂಗಳ ಹೆಂಗಸರ ಬೆನ್ನಿನ ಮೇಲೆ ನಿಂತಿತ್ತು. ಇಂಟರ್‌ಲಾಕ್ ಬಂದಾಗ ಅವರು ಸುಮ್ಮನಿದ್ದದ್ದು ಹೂ ಬೇಡವೆಂದಲ್ಲ, ಪೊರಕೆ ಬೇಡವೆಂದು. ಆದ್ದರಿಂದ ಗೆಳೆಯರೇ, ಹುಡುಗರೇ, ಮುಖ್ಯವಾಗಿ ಹುಡುಗರೇ, ನಾನು ಹೇಳುವ ಹೊಸ ಅಂಗಳದ ಕೆಲಸ ಅಮ್ಮನದ್ದಲ್ಲ. ನಮ್ಮದು. ಪೊರಕೆ ಹಿಡಿಯಲು ನಾಚಿಕೆ ಆಗುವವರು ಈ ಲೇಖನವನ್ನು ಸ್ಟೇಟಸ್ಸಿಗೆ ಹಾಕುವುದೂ ಬೇಡ.

ಮತ್ತೊಮ್ಮೆ ಸಿಂಪಡಿಸುವುದಾ?

ಇಂಟರ್‌ಲಾಕ್ ಹಾಕಿದರೆ ಕೆಲಸ ಮುಗಿಯಿತು ಎನ್ನುವುದೂ ಸುಳ್ಳು. ಎರಡನೇ ಮಳೆಗಾಲಕ್ಕೆ ಕಲ್ಲಿನ ಸಂದುಗಳಲ್ಲಿ ಹುಲ್ಲು ಬಂತು. ಒಂದೊಂದೇ ಸಂದಿಯಿಂದ ಕಿತ್ತು ಸಾಕಾಯಿತು. ಆಗ ಒಬ್ಬ ಹಿತೈಷಿ ಹೇಳಿದರು: "ಅದಕ್ಕೆ ಒಂದು ಮದ್ದು ಇದೆ, ಸ್ಪ್ರೇ ಮಾಡಿದರೆ ವಾರದಲ್ಲಿ ಒಣಗುತ್ತದೆ." ಬಾಟಲಿ ನೋಡಿದೆ. ಗ್ಲೈಫೋಸೇಟ್. 2019ರಲ್ಲೇ ಕೇರಳ ಸರಕಾರ ಮಾರಾಟ ನಿಷೇಧಿಸಿದ ಕಳೆನಾಶಕ.

ಮಿತ್ರರೇ, ಬೇರೆ ಊರಿನವರಿಗೆ ಇದನ್ನು ವಿವರಿಸಬೇಕಾದೀತು. ನಮಗೆ ಬೇಕೇ? ಗೇರು ತೋಟಗಳ ಮೇಲೆ 2000ದವರೆಗೆ ವರ್ಷ ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಜಿಲ್ಲೆ ನಮ್ಮದು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ನಿಲ್ಲಿಸಿತು. ಆದರೆ ಹಾಸಿಗೆಯಿಂದ ಏಳಲಾಗದ ಮಕ್ಕಳನ್ನು ಎತ್ತಿ ಎತ್ತಿ ಮುದುಕರಾದ ತಂದೆತಾಯಿಗಳು ಇಂದೂ ನಮ್ಮ ನಡುವೆ ಇದ್ದಾರೆ. ಅವರ ಮನೆಗಳಿಗೆ ಕ್ರಿಸ್‌ಮಸ್ ಸಮಯದಲ್ಲಿ ಕುಸ್ವಾರ್ ಹಿಡಿದುಕೊಂಡು ಹೋಗುವವರು ನಾವೇ. ಎಂಡೋಸಲ್ಫಾನ್ ಬೇರೆ, ಗ್ಲೈಫೋಸೇಟ್ ಬೇರೆ, ಎರಡೂ ಒಂದೇ ಎಂದು ರಸಾಯನಶಾಸ್ತ್ರ ಓದಿದ ನಾನು ಹೇಳುವುದಿಲ್ಲ. ಆದರೆ "ಏನೂ ಆಗುವುದಿಲ್ಲ, ಎಲ್ಲರೂ ಹೊಡೆಯುತ್ತಾರೆ" ಎಂಬ ಮಾತು ಮಾತ್ರ ಎರಡಕ್ಕೂ ಒಂದೇ. ಆ ಮಾತನ್ನು ನಂಬಿ ಒಮ್ಮೆ ಕೆಟ್ಟ ಊರು ಇದು. ಬಾವಿಯಿಂದ ಹತ್ತು ಹೆಜ್ಜೆ ದೂರದಲ್ಲಿ, ಮಕ್ಕಳು ಸೈಕಲ್ ಬಿಡುವ ಕಲ್ಲಿನ ಮೇಲೆ, ನಾಲ್ಕು ಹುಲ್ಲುಕಡ್ಡಿಗಾಗಿ ನಾನು ಸಿಂಪಡಿಸುವುದಿಲ್ಲ. ನೀವೂ ಸಿಂಪಡಿಸಬೇಡಿ. ಕುದಿಯುವ ಗಂಜಿತಿಳಿಯನ್ನು ಸಂದುಗಳಿಗೆ ಎರೆಯಿರಿ, ಎಳೆ ಹುಲ್ಲು ಬಾಡುತ್ತದೆ. ಕೈಗೆ, ಕಾಲಿಗೆ ಬೀಳದಂತೆ ಜೋಪಾನ.

ಒಳಗೂ ಅದೇ ಕಥೆ

ಹೊರಗಿನ ಗಿಡ ತೆಗೆದ ಕೈ ಒಳಗೆ ಏನು ಮಾಡಿತು? ಪ್ಲಾಸ್ಟಿಕ್ ಗುಲಾಬಿ ತಂದಿತು. ಟಿವಿಯ ಪಕ್ಕಕ್ಕೆ ಪ್ಲಾಸ್ಟಿಕ್ ಬಿದಿರು, ಸಿಟೌಟಿಗೆ ಪ್ಲಾಸ್ಟಿಕ್ ಹುಲ್ಲಿನ ಚಾಪೆ. ದೇವರ ಪೀಠದ ಮುಂದೆ, ಧೂಳು ಹಿಡಿದು ಬಣ್ಣ ಕಳೆದುಕೊಂಡ ನೈಲಾನ್ ಹೂ. ಅಂಗಳದ ನಿಜವಾದ ಹುಲ್ಲನ್ನು ಕೊಂದು, ಒಳಗೆ ಸುಳ್ಳು ಹುಲ್ಲು ಹಾಸುವುದು ಯಾವ ಅಲಂಕಾರ? ಹಳೆಯದಾದ ಮೇಲೆ ಅದನ್ನು ಹರಿತ ಕರ್ಮ ಸೇನೆಯ ಹೆಂಗಸರ ಗೋಣಿಗೆ ತುಂಬುತ್ತೇವೆ, ಇಲ್ಲವೇ ಸಂಜೆ ಕತ್ತಲಲ್ಲಿ ಹಿತ್ತಿಲಿನಲ್ಲಿ ಸುಡುತ್ತೇವೆ.

ನಮ್ಮ ಮನೆಯಲ್ಲಿ ಈಗ ಮಾಡುವುದು ಇಷ್ಟು. ಹಳೆ ಗಾಜಿನ ಬಾಟಲಿಯಲ್ಲಿ ನೀರು, ಅದರಲ್ಲಿ ಎರಡು ಕ್ರೋಟನ್ ಕಡ್ಡಿ, ಒಂದು ದಂಟು ಜರಿಗಿಡ. ಹತ್ತು ದಿನ ಏನೂ ಆಗುವುದಿಲ್ಲ. ಹೂ ಇಡುವುದಾದರೆ ಬೆಳಿಗ್ಗೆ ಬೇಗ ಕೊಯ್ಯಿರಿ. ದಂಟನ್ನು ಓರೆಯಾಗಿ ಕತ್ತರಿಸಿ. ನೀರಿನೊಳಗೆ ಮುಳುಗುವ ಎಲೆಗಳನ್ನು ತೆಗೆಯಿರಿ, ಅವು ಕೊಳೆತರೆ ಹೂವೂ ಕೆಡುತ್ತದೆ. ದಿನಾ ನೀರು ಬದಲಿಸಿ. ಒಂದು ಚಿಟಿಕೆ ಸಕ್ಕರೆ, ನಾಲ್ಕು ಹನಿ ಲಿಂಬೆರಸ ಹಾಕಿದರೆ ಎರಡು ದಿನ ಹೆಚ್ಚು ಬಾಳುತ್ತದೆ. ದಾಸವಾಳ ಬೇಡ, ಅದು ಸಂಜೆಗೆ ಮುದುಡುತ್ತದೆ. ಮುದುಡಲಿ ಬಿಡಿ ಎನ್ನುವವರು ಅದನ್ನೇ ಇಡಿ. ನಾಳೆ ಇನ್ನೊಂದು ಅರಳುತ್ತದಲ್ಲ, ಗಿಡ ಇದ್ದರೆ.

ನಾವು ಬಿಡಿಸಿದ್ದು, ನೆಟ್ಟದ್ದು

ಕಳೆದ ಡಿಸೆಂಬರಿನಲ್ಲಿ ಅಪ್ಪನೂ ನಾನೂ ಸೇರಿ ಮೂರರಲ್ಲಿ ಒಂದು ಸೆಂಟ್ ಬಿಡಿಸಿದೆವು. ನನ್ನ ಹಟ ಇಷ್ಟೇ: ಪೂರ್ತಿ ಕೀಳಿ ಎಂದಲ್ಲ, ಮೂರರಲ್ಲಿ ಒಂದು ಪಾಲು ಮಣ್ಣಿಗೆ ಬಿಡಿ. ಗೋಡೆಬದಿಯಿಂದ ಶುರು ಮಾಡಿ. ಒಂದು ಕಲ್ಲು ಎಬ್ಬಿಸಲು ಮಾತ್ರ ಕಷ್ಟ, ಮತ್ತೆ ಉಳಿದವು ತಾವಾಗಿ ಬರುತ್ತವೆ. ಅಡಿಯ ಜಲ್ಲಿಹುಡಿಯನ್ನು ಪೂರ್ತಿ ತೆಗೆಯಬೇಕು. ನಾವು ಮೊದಲ ಸಲ ಸೋಮಾರಿತನದಿಂದ ಅದರ ಮೇಲೆಯೇ ಮಣ್ಣು ಹಾಕಿ ಹರಿವೆ ಬಿತ್ತಿ, ನೂಲಿನಂಥ ದಂಟು ಕಂಡದ್ದೇ ಬಂತು. ಯಂತ್ರದಿಂದ ಗುದ್ದಿದ ನೆಲ ಕಲ್ಲಿನಷ್ಟು ಗಟ್ಟಿ, ಬೇರು ಇಳಿಯುವುದಿಲ್ಲ. ಪಿಕ್ಕಾಸಿನಿಂದ ಒಂದೂವರೆ ಅಡಿ ಸಡಿಲಿಸಿ, ತರಗೆಲೆ, ಹಟ್ಟಿಗೊಬ್ಬರ, ಸುಡುಮಣ್ಣು ಸೇರಿಸಿ. ಒಂದು ತಿಂಗಳು ಹಾಗೇ ಬಿಡಿ. ತೆಗೆದ ಕಲ್ಲುಗಳನ್ನು ಮಡಿಯ ಅಂಚಿಗೆ ನಿಲ್ಲಿಸಿದೆವು, ಖರ್ಚಿಲ್ಲದ ಬೇಲಿ.

ಬಸಳೆ ಮೊದಲು. ಬೆರಳು ದಪ್ಪದ, ಮೂರು ಗಂಟುಗಳ ತುಂಡು ಯಾರ ಮನೆಯಲ್ಲಿ ಕೇಳಿದರೂ ಕೊಡುತ್ತಾರೆ. ಎರಡು ಗಂಟು ಮಣ್ಣಿನೊಳಗೆ, ಒಂದು ಹೊರಗೆ. ಸಾಬೂನಿಲ್ಲದ ಪಾತ್ರೆ ತೊಳೆದ ನೀರು, ಅಕ್ಕಚ್ಚು ಎರೆದರೆ ಸಾಕು.

ಹರಿವೆ ಬೀಜವನ್ನು ಇರುವೆ ಹೊತ್ತೊಯ್ಯುತ್ತದೆ ಎಂದು ಎಲ್ಲರ ದೂರು. ಬಿತ್ತುವಾಗ ಒಂದು ಮುಷ್ಟಿ ರವೆ ಬೆರೆಸಿ. ಇರುವೆ ರವೆಯ ಹಿಂದೆ ಹೋಗುತ್ತದೆ, ಬೀಜ ಮೊಳೆಯುತ್ತದೆ. ಬೆಂಡೆ ಬೀಜವನ್ನು ರಾತ್ರಿ ನೀರಿನಲ್ಲಿ ನೆನೆಸಿ. ಬೇವಿನಸೊಪ್ಪಿನ ಗಿಡ ಸೊರಗಿದರೆ ಹುಳಿಮಜ್ಜಿಗೆಗೆ ನೀರು ಬೆರೆಸಿ ಬುಡಕ್ಕೆ ಎರೆಯಿರಿ, ಇದು ಅಮ್ಮನ ಮದ್ದು. ತೆಂಗಿನ ಸಿಪ್ಪೆಯನ್ನು ಸುಡಬೇಡಿ, ಬುಡದಲ್ಲಿ ಒಳಮೈ ಮೇಲಾಗಿ ಹೂತಿಡಿ, ಮಾರ್ಚಿನಲ್ಲೂ ತೇವ ಇರುತ್ತದೆ.

ಗ್ರೋ ಬ್ಯಾಗ್ ಬಗ್ಗೆ ಒಂದು ಮಾತು. ಮಣ್ಣೇ ಇಲ್ಲದ ಟೆರೇಸಿಗೆ ಅದು ಸರಿ. ಆದರೆ ಮೂರು ಸೆಂಟ್ ಮಣ್ಣನ್ನು ಮುಚ್ಚಿ, ಅದರ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಮಣ್ಣು ತುಂಬಿಸಿ ಎರಡು ಬದನೆ ಗಿಡ ನೆಟ್ಟು ಫೋಟೋ ಹಾಕುವುದು ನನಗೆ ಅರ್ಥವಾಗದ ಕೃಷಿ.

ಹೂವಿಗೆ ಲೆಕ್ಕ ಹಾಕಿ ಬಿತ್ತಬೇಕು. ಗೊಂಡೆ, ಕರ್ಣಕುಂಡಲ ಎರಡೂ ಬಿತ್ತಿದ ಎರಡು ತಿಂಗಳ ಒಳಗೆ ಹೂ ಬಿಡುತ್ತವೆ. ಆಗಸ್ಟ್ 30ಕ್ಕೆ ಬುಟ್ಟಿ ತುಂಬಬೇಕಾದರೆ ಜೂನ್ ಮೂರನೇ ವಾರದಲ್ಲಿ ಬೀಜ ಮಣ್ಣಿಗೆ ಬೀಳಬೇಕು. ಜಡಿಮಳೆಗೆ ಗೊಂಡೆಯ ಸಸಿ ಕೊಳೆಯುತ್ತದೆ, ಆದ್ದರಿಂದ ಮಾಡಿನ ಕೆಳಗೆ ಚಟ್ಟಿಯಲ್ಲಿ ಮೊಳೆಸಿ, ನಾಲ್ಕೆಲೆ ಬಂದ ಮೇಲೆ ಎತ್ತರದ ಮಡಿಗೆ ನೆಡಿ. ದಾಸವಾಳ, ಶಂಖಪುಷ್ಪಕ್ಕೆ ಅಷ್ಟು ನಾಜೂಕು ಬೇಡ. ಒಂದು ಸಲ ನೆಟ್ಟರೆ ನಿಮ್ಮ ಮಕ್ಕಳ ನೊವೆನಾಕ್ಕೂ ಹೂ ಕೊಡುತ್ತವೆ.

ಇದನ್ನೆಲ್ಲ ಕನ್ನಡದಲ್ಲಿ ಬರೆಯುವುದಕ್ಕೂ ಕಾರಣ ಇದೆ. ನಮಗೆ ಸಿಗುವ ಕೃಷಿಯ ಕರಪತ್ರಗಳು ಹೆಚ್ಚಾಗಿ ಮಲಯಾಳದಲ್ಲಿ. ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಅಮ್ಮಂದಿರು ಅದರಲ್ಲಿ ಚಿತ್ರ ಮಾತ್ರ ನೋಡಿ ಮಡಚಿ ಇಡುತ್ತಾರೆ.

ಎಲೆಯ ಮೇಲೆ ನಿಮ್ಮದು ಎಷ್ಟು?

ಹಬ್ಬದ ದಿನ ನಮ್ಮ ಮನೆಗಳಲ್ಲಿ ಮೀನು ಮಾಂಸ ಇಲ್ಲ. ಬಾಳೆಲೆಯ ಮೇಲೆ ತರಕಾರಿ ಬಗೆಗಳು ಬೆಸಸಂಖ್ಯೆಯಲ್ಲಿ: ಮೂರು, ಐದು, ಏಳು, ಉಳ್ಳವರು ಒಂಬತ್ತು. ಈ ಪದ್ಧತಿ ಎಲ್ಲಿಂದ ಬಂತು? ಅದೇ ಸಮಯಕ್ಕೆ ಹಿತ್ತಿಲಿನಲ್ಲಿ ಬೆಂಡೆ, ಹೀರೆ, ಅಲಸಂಡೆ, ಹರಿವೆ, ಕೆಸು ಎಲ್ಲ ಬಂದಿರುತ್ತಿದ್ದವು. ಬೆಳೆದದ್ದರಲ್ಲಿ ಮೊದಲನೆಯದನ್ನು ದೇವರ ಹೆಸರಿನಲ್ಲಿ ಒಟ್ಟಿಗೆ ಕೂತು ತಿನ್ನುವುದು, ಅಷ್ಟೇ. ಈಗ ಹಬ್ಬದ ಮುನ್ನಾದಿನ ಅಂಗಡಿಯಲ್ಲಿ ನಿಂತು, ಏಳು ಬಗೆಯ ತರಕಾರಿಯನ್ನು ಕಾಲು ಕಾಲು ಕಿಲೋ ತೂಗಿಸುತ್ತೇವೆ. ಹೂವಿನದ್ದೂ ಹಾಗೆಯೇ. ಓಣಂ ಪೂಕಳಕ್ಕೆ ಗುಂಡ್ಲುಪೇಟೆಯಿಂದ ಲಾರಿಯಲ್ಲಿ ಗೊಂಡೆ ಬರುತ್ತದೆ, ಓಣಂ ಹತ್ತಿರ ಇದ್ದರೆ ನಮಗೂ ಅದೇ ಹೂ, ಅದೇ ಏರಿದ ಬೆಲೆ. ಕೊಂಡು ಕೊಡುವುದು ಪಾಪ ಎಂದು ನಾನು ಹೇಳುತ್ತಿಲ್ಲ. ಜಾಗವೇ ಇಲ್ಲದ ಬಾಡಿಗೆ ಮನೆಯವರು ಕೊಂಡೇ ತರಬೇಕು. ಜಾಗ ಇದ್ದು ಮುಚ್ಚಿದವರ ಬಗ್ಗೆ ನನ್ನ ಮಾತು.

ಈ ಸಲ ನಮ್ಮ ಏಳರಲ್ಲಿ ಮೂರಾದರೂ ನಮ್ಮ ಮಡಿಯದ್ದು ಆಗಬೇಕು ಎಂದು ಅಮ್ಮನಿಗೆ ಮಾತು ಕೊಟ್ಟಿದ್ದೇನೆ. ಅದರಲ್ಲಿ ಒಂದು ಕೆಸುವಿನ ದಂಟಿನದ್ದು, ಮಾಡಿದ ಕ್ರಮ ಹೇಳಿಬಿಡುತ್ತೇನೆ. ಮನೆಯವರು ಗುರುತಿಸಿ ಕೊಟ್ಟ, ತಿನ್ನುವ ಜಾತಿಯ ಕೆಸುವಿನ ಎಳೆ ದಂಟು. ಕೈಗೆ ತೆಂಗಿನೆಣ್ಣೆ ಸವರಿಕೊಂಡು ನಾರು ತೆಗೆಯಿರಿ. ಎರಡಿಂಚು ತುಂಡು ಮಾಡಿ, ಜಜ್ಜಿದ ಎರಡು ಅಂಬಟೆ, ಸೀಳಿದ ಹಸಿಮೆಣಸು, ಶುಂಠಿ, ಉಪ್ಪು ಹಾಕಿ ಸ್ವಲ್ಪವೇ ನೀರಿನಲ್ಲಿ ಚೆನ್ನಾಗಿ ಬೇಯಿಸಿ. ಕೆಸುವಿನ ತುರಿಕೆಗೆ ಕಾರಣ ಅದರೊಳಗಿನ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳು. ಅರೆಬೆಂದದ್ದು ಗಂಟಲು ಕೆರೆಯುತ್ತದೆ, ಅಂಬಟೆಯ ಹುಳಿ ಬಿಟ್ಟರೂ ಕೆರೆಯುತ್ತದೆ ಎಂಬುದು ಅಡುಗೆಮನೆಯ ಅನುಭವ. ಕೊನೆಗೆ ತೆಂಗಿನೆಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ. ಕುಚ್ಚಲಕ್ಕಿ ಅನ್ನಕ್ಕೆ ಇದಕ್ಕಿಂತ ಹೆಚ್ಚಿನದ್ದು ಏನು ಬೇಕು?

ಕೊನೆಯ ಮಾತು

ಈಗ ಸವಾಲು. ಮುಂದಿನ ನೊವೆನಾಕ್ಕೆ ಮೊದಲು, ಪ್ರತಿ ವಾಳೆಯಲ್ಲಿ ಐದು ಮನೆಯಾದರೂ ಗೋಡೆಬದಿಯ ಎರಡು ಸಾಲು ಕಲ್ಲು ಎಬ್ಬಿಸಬೇಕು. ಎಬ್ಬಿಸಲು ಆಳು ಬೇಕಾದರೆ ಶನಿವಾರ ಮಧ್ಯಾಹ್ನ ನಾವು ಬರುತ್ತೇವೆ. ಪಿಕ್ಕಾಸು ನಮ್ಮದು, ಚಾ ನಿಮ್ಮದು. ಗೊಂಡೆ ಬೀಜ, ಬಸಳೆ ತುಂಡು, ದಾಸವಾಳದ ಗೆಲ್ಲು ನಮ್ಮ ಮನೆಯಿಂದ ಉಚಿತ. ನೀರು, ಗುಡಿಸುವುದು, ಕಳೆ ಕೀಳುವುದು ಆ ಮನೆಯ ಹುಡುಗ ಹುಡುಗಿಯರದ್ದು, ಅಮ್ಮನದ್ದಲ್ಲ. ಗುರಿಕಾರರಲ್ಲಿ ಹೆಸರು ಕೊಡಿ.

ನಮ್ಮ ಬಾವಿ ಈ ಏಪ್ರಿಲಿನಲ್ಲೂ ಬತ್ತಿತು. ಒಂದು ಸೆಂಟ್ ಬಿಡಿಸಿದ ಕೂಡಲೇ ನೀರು ಚಿಮ್ಮುತ್ತದೆ ಎಂದು ನಾನು ಸುಳ್ಳು ಹೇಳಲಾರೆ. ಆ ಮಣ್ಣಿಗೆ ಇನ್ನೂ ಒಂದು ಮಳೆಗಾಲವೂ ಸಿಕ್ಕಿಲ್ಲ. ಆದರೆ ಮೇ ಕೊನೆಯ ಮೊದಲ ಜೋರು ಮಳೆಗೆ ಅಜ್ಜಿ ಸಿಟೌಟಿಗೆ ಬಂದು ಕೂತರು. ಇಂಟರ್‌ಲಾಕ್ ಮೇಲಿನ ನೀರು ಎಂದಿನಂತೆ ಗೇಟಿನ ಕಡೆ ಓಡಿತು. ಮಡಿಯ ನೀರು ಓಡಲಿಲ್ಲ. ಅಜ್ಜಿ ಬೆರಳು ತೋರಿಸಿ, "ನೋಡು, ಅಲ್ಲಿ ಕೂತಿತು" ಎಂದರು.

ಆ ಕ್ರೋಟನ್ ಎಲೆಯ ಹುಡುಗಿ ಮೂರನೇ ತರಗತಿಗೆ ಬಂದಿದ್ದಾಳೆ. ಅವಳ ಮನೆಗೆ ಕಳೆದ ಭಾನುವಾರ ಒಂದು ದಾಸವಾಳದ ಗೆಲ್ಲು ಕೊಟ್ಟು ಬಂದೆ. ನೆಡಲು ಜಾಗ ಎಲ್ಲಿ ಎಂದು ಅವಳ ಅಪ್ಪ ಕೇಳಿದರು. ಎರಡು ಕಲ್ಲು ಎಬ್ಬಿಸಿ ಎಂದೆ. ಅವರು ನಕ್ಕರು, ಎಬ್ಬಿಸುತ್ತೇನೆ ಎಂದು ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಗೆಲ್ಲು ಸದ್ಯಕ್ಕೆ ಅವರ ಬಕೆಟಿನ ನೀರಿನಲ್ಲಿದೆ.

ಈ ಶನಿವಾರ ಪಿಕ್ಕಾಸು ಹಿಡಿದುಕೊಂಡು ಮೊದಲು ಅಲ್ಲಿಗೇ ಹೋಗುವುದು. ಬರುವವರು ಬನ್ನಿ.